ಏರಿಯ ಕೆಳಗೆ ಉಳಿದ ಚಪ್ಪಲಿ

ಹೊರಗಿನಿಂದ ಬೀಗ ಬಿದ್ದ ಸದ್ದು ಕೇಳಿದಾಗ ಪತ್ತೇದಾರ ಚನ್ನವೀರಪ್ಪನವರು ನೀರಿನ ಲೋಟವನ್ನು ತುಟಿಗೆ ಹಿಡಿದಿದ್ದರು. ಹುಣಸೆಕುಂಟೆ ಪಂಚಾಯಿತಿ ಕಚೇರಿಯ ಮಡಕೆಯ ತಳದಲ್ಲಿ ಉಳಿದಿದ್ದ ನೀರು ಅಷ್ಟೇ. ಅದನ್ನು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವರು ಬಂದಿಯಾಗಿದ್ದರು.

“ಯಾವಳೇ ಅವ್ಳು ಬೀಗ ಆಕಿದ್ದು? ತೆಗೀರೇ ಬಾಗ್ಲು!” ಸೊಣ್ಣಪ್ಪ ಬಾಗಿಲಿಗೆ ಗುದ್ದಿದ. ಪಂಚಾಯಿತಿಗೆ ಅಧ್ಯಕ್ಷೆ ಅವನ ಹೆಂಡತಿ ಕಮಲಮ್ಮ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವನು ಅವನು, ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುವವಳು ಅವಳು. ಊರಿಗೆಲ್ಲ ಗೊತ್ತಿದ್ದ ಏರ್ಪಾಡು ಅದು. ಇವತ್ತೂ ಅವಳು ಆ ಬೆಂಚಿನಲ್ಲೇ ಕೂತಿದ್ದಳು.

ಉತ್ತರಕ್ಕೆ ಬದಲಾಗಿ ಹೊರಗೆ ಖಾಲಿ ಕೊಡಗಳು ಡಬಡಬ ಬಡಿದುಕೊಂಡವು.

“ನೀರು ಕೊಡೋಗಂಟ ತೆಗೆಯಾಕಿಲ್ಲ!” ಆ ಗಟ್ಟಿ ಗಂಟಲು ಪಿಳ್ಳಮ್ಮನದು. ಕೆರೆಯ ತೂಬಿನ ಬಳಿ ಹೆಣವಾಗಿ ಸಿಕ್ಕ ನೀರುಗಂಟಿ ನೀಲಪ್ಪನ ಹೆಂಡತಿ.

ಚನ್ನವೀರಪ್ಪನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ನನ್ ಗಂಡನ್ನ ಕೊಂದೋರ್‍ಯಾರು ಅಂತ ಪತ್ತೆ ಮಾಡಿಕೊಡಿ ಸಾ’ ಎಂದು ಬಸ್ಸು ಬದಲಿಸಿಕೊಂಡು ವಿಜಯನಗರದ ಅವರ ಫ್ಲ್ಯಾಟಿನವರೆಗೆ ಬಂದು ಕಾಲಿಗೆ ಬಿದ್ದವಳು ಇವಳೇ. ಈಗ ಆ ಪತ್ತೇದಾರನನ್ನೂ ಸೇರಿಸಿ ಬೀಗ ಜಡಿದಿದ್ದಳು.

ಅವರು ಕಿಟಕಿಯ ಬಳಿಗೆ ಹೋಗಿ ಸರಳು ಹಿಡಿದುಕೊಂಡರು. “ಪಿಳ್ಳಮ್ಮ, ನಾನೂ ಒಳಗಿದ್ದೀನಿ ಕಣಮ್ಮ!”

“ಗೊತ್ತೈತೆ ಸಾ. ನೀವೂ ಅಲ್ಲೇ ಇರಿ. ನೀವಿದ್ರೇನೇ ಅವ್ರು ಬಾಯ್ ಬಿಡಾದು.”

ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದರೂ ಸೆಕೆ ಕಡಿಮೆಯಾಗಲಿಲ್ಲ. ಏಪ್ರಿಲ್ ಬಿಸಿಲಿಗೆ ಶೀಟಿನ ಸೂರು ಕಾದು ಕೆಂಪಾಗಿತ್ತು, ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಸಿ.ಐ.ಡಿ.ಯಲ್ಲಿ ಕೂದಲು ಹಣ್ಣು ಮಾಡಿಕೊಂಡು ನಿವೃತ್ತರಾದ ಚನ್ನವೀರಪ್ಪನವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

ಕಚೇರಿಗೆ ಇದ್ದದ್ದು ಒಂದೇ ಬಾಗಿಲು, ಒಂದೇ ಕಿಟಕಿ. ಕಾರ್ಯದರ್ಶಿ ‘ಟೀ ಹೇಳಿ ಬರ್ತೀನಿ’ ಎಂದು ಹೋದವನು ಹೆಂಗಸರ ಗುಂಪು ನೋಡಿ ಅತ್ತ ಕಡೆಯಿಂದಲೇ ಪರಾರಿಯಾಗಿದ್ದ. ಮೇಜಿನ ಮೇಲೆ ಫೋನಿತ್ತು. ಅದರ ಡಯಲ್ಲಿಗೆ ಪುಟ್ಟ ಬೀಗವಿತ್ತು. ಬೀಗದ ಕೈ ಕಾರ್ಯದರ್ಶಿಯ ಜೇಬಿನಲ್ಲಿತ್ತು.

“ಒಳ್ಳೇ ಕಚೇರಿ ಕಣ್ರೀ ನಿಮ್ದು,” ಎಂದರು ಚನ್ನವೀರಪ್ಪ. “ ನೀರಿಗೂ ಬೀಗ, ಫೋನಿಗೂ ಬೀಗ.”

ಜೂನಿಯರ್ ಇಂಜಿನಿಯರ್ ಶಿವರಾಜನ ಸೊಂಟದಲ್ಲಿ ಪೇಜರ್ ಕಿರುಗುಟ್ಟಿತು. ಅವನು ಓದಿ ಹಲ್ಲು ಕಚ್ಚಿದ. “ಕೂಡಲೇ ಫೋನ್ ಮಾಡು ಅಂತಿದ್ದಾರೆ ಸಾರ್ ನಮ್ಮ ಸಾಹೇಬ್ರು. ಎಲ್ಲಿಂದ ಮಾಡ್ಲಿ?”



ಚನ್ನವೀರಪ್ಪನವರು ಕಿಟಕಿಯಾಚೆ ನೋಡಿದರು. ಪಿಳ್ಳಮ್ಮನ ಪಕ್ಕದಲ್ಲೇ, ಅವಳ ಹೆಗಲಿಗೆ ಹೆಗಲು ತಾಗಿಸಿ ಮರೆವ್ವ ನಿಂತಿದ್ದಳು. ರಾಯಚೂರು ಕಡೆಯಿಂದ ಬಂದು, ಮೇಲಿನ ಹೊಲದಲ್ಲಿ ಏಳುತ್ತಿದ್ದ ಹೊಸ ಕಂಪನಿಯ ಕಟ್ಟಡಕ್ಕೆ ಮಣ್ಣು ಹೊರುತ್ತಿದ್ದವಳು. ಅವಳ ಗಂಡ ಮಲಕಪ್ಪ ನಿನ್ನೆಯಿಂದ ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿದ್ದ. ನೀಲಪ್ಪನ ತಲೆಗೆ ಹಿಂದಿನಿಂದ ಹೊಡೆದು ಕೆರೆಗೆ ತಳ್ಳಿದವನು ಅವನೇ ಎಂಬುದು ಪೊಲೀಸರ ಮಾತು. ‘ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀನಿ, ಅಷ್ಟರಲ್ಲಿ ಬೇರೆ ಯಾರನ್ನಾದ್ರೂ ತೋರಿಸಿ ಸಾರ್. ಆಮೇಲೆ ನನ್ನ ಕೈಯಲ್ಲಿರಲ್ಲ’ ಎಂದು ಸಬ್‌ಇನ್ಸ್‌ಪೆಕ್ಟರ್ ಬೆಳಿಗ್ಗೆಯಷ್ಟೇ ಹೇಳಿ ಕಳಿಸಿದ್ದ.

ತೋರಿಸುವುದಕ್ಕಾಗಿಯೇ ಅವರು ಇಲ್ಲಿಗೆ ಬಂದಿದ್ದರು. ಇಲ್ಲಿ ಅವರನ್ನೇ ಇಟ್ಟು ಬೀಗ ಹಾಕಿದ್ದಾಯಿತು. ಹೊತ್ತು ಮಧ್ಯಾಹ್ನ ದಾಟಿತ್ತು. ಇನ್ನು ತಡವಾದರೆ ಒಬ್ಬ ಬಡವ ಮಾಡದ ಕೊಲೆಗೆ ಜೈಲು ಸೇರುತ್ತಾನೆ.

ಅವರು ಕಾರ್ಯದರ್ಶಿಯ ಖಾಲಿ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತರು.

“ಹೆಂಗೂ ಯಾರೂ ಹೊರಗೆ ಹೋಗೋ ಹಂಗಿಲ್ಲ. ಮಾತಾಡಾಣ. ಶಿವರಾಜ್, ಈ ವರ್ಷ ಈ ಊರಿಗೆ ಬಂದದ್ದು ಒಂದೇ ಕೆಲಸ. ಅದು ಕಂಪನಿ ಗೇಟಿನವರೆಗೆ ಟಾರ್ ರಸ್ತೆ. ಕುಡಿಯೋ ನೀರು ಯಾಕಲ್ಲ?”

“ನನ್ನ ಯಾಕ್ಸಾರ್ ಕೇಳ್ತೀರಾ? ಯಾವ್ದು ಫಸ್ಟು, ಯಾವ್ದು ನೆಕ್ಸ್ಟು ಅನ್ನೋದು ಪಂಚಾಯ್ತಿ ಡಿಸೈಡ್ ಮಾಡ್ಬೇಕು. ನಾನು ಎಸ್ಟಿಮೇಟ್ ಹಾಕೋನು.”

“ಗ್ರಾಮಸಭೇಲಿ ಊರೆಲ್ಲ ನೀರಿಗೆ ಕೈ ಎತ್ತಿತ್ತಂತಲ್ಲ?”

ಸೊಣ್ಣಪ್ಪ ಕುರ್ಚಿಯಲ್ಲಿ ಹಿಂದಕ್ಕೊರಗಿದ. “ಎತ್ತುದ್ರು. ಕೈ ಎತ್ತುದ್ರೆ ಭೂಮೀಲಿ ನೀರು ಬತ್ತದಾ ಸಾ? ವೋದ್ ವರ್ಸ ಬೋರ್ ಕೊರ್ಸುದ್ವಿ. ಬರೀ ದೂಳು ಬಂತು. ಇವರೇ ಫೇಲು ಅಂತ ಬರ್ಕೊಂಡೋಗಿ ಬಾಯ್ಗೆ ಚಪ್ಪಡಿ ಮುಚ್ಚುಸುದ್ರು. ರಸ್ತೆ ಆದ್ರೆ ಕಂಪನಿ ಬತ್ತದೆ, ನಮ್ ಐಕ್ಳಿಗೆ ಕೆಲ್ಸ ಸಿಕ್ತದೆ. ಇದ್ರಾಗೇನ್ ತಪ್ಪು?”

“ತಪ್ಪಿಲ್ಲ. ಆದ್ರೆ ಆ ಬೋರಿನಲ್ಲಿ ನೀರಿದೆ ಅಂತ ನೀಲಪ್ಪ ಹೆಂಡ್ತಿ ಹತ್ರ ಹೇಳಿದ್ದ. ಬರೋ ಗ್ರಾಮಸಭೇಲಿ ಚಪ್ಪಡಿ ಎತ್ತಿಸ್ತೀನಿ ಅಂದಿದ್ದ. ಗ್ರಾಮಸಭೆ ನೋಡೋಕೆ ಅವನು ಉಳೀಲಿಲ್ಲ.”

ಶಿವರಾಜನ ಮುಖ ಸುಣ್ಣದಂತಾಯಿತು. “ಸಾರ್, ನಾನು ಬರೋಷ್ಟೊತ್ತಿಗೆ ಬೋರ್ ಲಾರಿಯೋರು ಪ್ಯಾಕಪ್ ಮಾಡ್ಬಿಟ್ಟಿದ್ರು. ಒಳಗೆ ಕಲ್ಲು ಬಿದ್ದಿತ್ತು. ಫೇಲು ಅಂದ್ರು, ಬರೆದೆ. ದೇವ್ರಾಣೆ ಅಷ್ಟೇ.”

“ಫೇಲು ಅಂದೋರು ಯಾರು?”

ಶಿವರಾಜ ನೆಲ ನೋಡಿದ. ಬಾಯಿಗೂ ಬೀಗ ಬಿತ್ತು ಎಂದುಕೊಂಡರು ಚನ್ನವೀರಪ್ಪ. ಇರಲಿ, ಆ ಬೀಗಕ್ಕೆ ಆಮೇಲೆ ಕೈ ಹಾಕಿದರಾಯಿತು. ಮೊದಲು ಚಪ್ಪಲಿಯ ಲೆಕ್ಕ ಮುಗಿಯಬೇಕು.

“ಸೊಣ್ಣಪ್ಪ, ನೀವು ಕೆರೆ ಏರಿ ಹತ್ತೋವಾಗ ಚಪ್ಪಲಿ ಎಲ್ಲಿ ಬಿಡ್ತೀರಿ?”

“ಇದೇನ್ ಸಾ ಕೇಳಾದು? ದುಗ್ಗಲಮ್ಮನ ಕಲ್ಲತ್ರ. ಮೆಟ್ಟು ಆಕ್ಕೊಂಡು ಏರಿ ಮ್ಯಾಕೆ ಓದ್ರೆ ಅಮ್ಮ ಸುಮ್ಕಿರ್ತಾಳಾ?”

“ಬರೀ ಬಿಟ್ಟು ಹೋಗ್ತೀರೋ?”

“ಮ್ಯಾಲೊಂದು ಕಲ್ಲು ಮಡಗ್ತೀವಿ. ನಮ್ಮೂರ್ ನಾಯ್ಗಳು ಕಳ್ ನನ್ಮಕ್ಳು, ಒಂದ್ ಕಾಲ್ದು ಕಚ್ಕೊಂಡೋಗಿ ಬೇಲ್ಯಾಗೆ ಬಿಸಾಕ್ತವೆ.” ಇದು ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿದ.

“ಶಿವರಾಜ್, ನೀವು ಏರಿ ಸರ್ವೆಗೆ ಹೋದಾಗ?”

“ಶೂ ಬಿಚ್ಚಲೇಬೇಕು ಸಾರ್, ಇಲ್ದಿದ್ರೆ ಜಗಳಕ್ಕೆ ಬರ್ತಾರೆ. ಆದ್ರೆ ಕಲ್ಲಾ? ಅದು ನಂಗೆ ಗೊತ್ತೇ ಇರ್ಲಿಲ್ಲ. ಅದಕ್ಕೇ ಅವತ್ತು ಒಂದು ಶೂ ಕಳೆದು ಹೋಗಿದ್ದು!”

ಚನ್ನವೀರಪ್ಪನವರ ಕಣ್ಣು ಹೊಳೆಯಿತು. ಬಾಯಾರಿಕೆ ಒಂದು ಗಳಿಗೆ ಮರೆತೇಹೋಯಿತು.

“ಈಗ ಕೇಳಿ. ನೀಲಪ್ಪನ ಹೆಣ ಸಿಕ್ಕ ಬೆಳಿಗ್ಗೆ ಊರಿಗೆ ಊರೇ ಏರಿ ಹತ್ತಿತ್ತು. ದುಗ್ಗಲಮ್ಮನ ಕಲ್ಲಿನ ಸುತ್ತ ರಾಶಿ ಚಪ್ಪಲಿ. ಪೊಲೀಸ್ನೋರು ಬಂದು ಮಹಜರು ಮುಗಿಸಿ, ಎಲ್ಲಾರೂ ತಂತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಒಂದು ಜೊತೆ ಅಲ್ಲೇ ಉಳೀತು. ಕಾರಿನ ಟೈರ್ ಕೊಯ್ದು ಹೊಲಿದ ಚಪ್ಪಲಿ. ಅದು ಮಲಕಪ್ಪಂದು. ರಾತ್ರಿ ಕೊಲೆ ಮಾಡಿ ಗಾಬರಿಗೆ ಚಪ್ಪಲಿ ಮರೆತು ಓಡಿದ ಅಂತ ಕೇಸು.”

“ಅಂಗೇ ಅಲ್ವಾ ಮತ್ತೆ?” ಎಂದ ಸೊಣ್ಣಪ್ಪ.

“ನೀಲಪ್ಪಂಗೂ ಮಲಕಪ್ಪಂಗೂ ಜಗಳ ಆಗಿತ್ತು, ನಿಜ. ಯಾತಕ್ಕೆ ಜಗಳ?”

ಉತ್ತರಕ್ಕೆ ಕಾಯದೆ ಚನ್ನವೀರಪ್ಪನವರೇ ಮುಂದುವರಿಸಿದರು.

“ನಾನೇ ಹೇಳ್ತೀನಿ. ಶೆಡ್ಡಿನಲ್ಲಿರೋ ಕೂಲಿಯವರು ಕೆಲಸಕ್ಕೆ ಹೋಗೋದು ಏರಿ ಮೇಲೆ. ಮಲಕಪ್ಪ ಚಪ್ಪಲಿ ಬಿಚ್ಚಲ್ಲ ಅಂದ. ಮುಳ್ಳು ತುಳಿದ್ರೆ ನಾಳೆ ಕೂಲಿಗೆ ಯಾರು ಹೋಗ್ತಾರೆ ಅಂದ. ನೀಲಪ್ಪ ಕೊರಳಪಟ್ಟಿ ಹಿಡಿದ. ಹಾಡಹಗಲು ಊರೆಲ್ಲ ನೋಡ್ತಾ ಇದ್ರೂ ಚಪ್ಪಲಿ ಬಿಚ್ಚದೋನು, ರಾತ್ರಿ ಕೊಲೆ ಮಾಡೋಕೆ ಹೋಗೋವಾಗ ಭಕ್ತಿಯಿಂದ ಬಿಚ್ಚಿ ಹೋದ್ನಾ? ಸರಿ, ಬಿಚ್ಚಿದ ಅಂತಲೇ ಇಟ್ಕೊಳ್ಳಿ. ಅವತ್ತು ಪೊಲೀಸ್ನೋರು ತೆಗೆದ ಫೋಟೋ ನಾನು ನೋಡಿದೀನಿ, ಆ ಚಪ್ಪಲಿ ಮೇಲೆ ಒಂದು ಸಣ್ಣ ಕಲ್ಲಿದೆ. ಇಷ್ಟು ದಿನ ಓಡಾಡಿದ ಇಂಜಿನಿಯರಿಗೇ ಗೊತ್ತಿಲ್ಲದ ಕಲ್ಲು!”

ಹೊರಗೆ ಕೊಡಗಳ ಸದ್ದು ಸ್ವಲ್ಪ ತಗ್ಗಿತ್ತು. ಕಿಟಕಿಯ ಬಳಿ ಹೆಂಗಸರು ಒತ್ತಾಗಿ ಬಂದು ನಿಂತು ಕೇಳುತ್ತಿದ್ದರು.

“ಅದನ್ನ ತಂದಿಟ್ಟ ಕೈ ಈ ಊರಿನ ಕೈ. ಪರವೂರಿನವನ ಚಪ್ಪಲಿ ಅಂತ ತೋರಿಸೋಕೆ ಹೋಗಿ, ಹುಟ್ಟಿದಾಗಿನಿಂದ ಮಾಡಿದ ಅಭ್ಯಾಸಕ್ಕೆ ಒಂದು ಕಲ್ಲೂ ಇಟ್ಟುಬಿಡ್ತು.”

ಸೊಣ್ಣಪ್ಪ ಎದ್ದು ನಿಂತ. ಅವನ ಕತ್ತಿನ ನರ ಉಬ್ಬಿತ್ತು. “ನನ್ ಕಡೆ ಯಾಕ್ ಸಾ ನೋಡ್ತೀರಾ? ಅವತ್ತು ಮಧ್ಯಾನದಿಂದ ನಾನೂ ಈ ಇಂಜಿನಿಯರ್ರೂ ಆನೇಕಲ್ಲಿನಾಗೆ ಮೀಟಿಂಗಲ್ಲಿದ್ವಿ. ರಾತ್ರಿ ಅಲ್ಲೇ ನಮ್ ಬಾಮೈದನ ಮನ್ಯಾಗೆ ಮಲಗುದ್ವಿ. ನೀವೇ ಓಗಿ ಇಚಾರಿಸ್ಕೊಂಡ್ ಬಂದಿದ್ದೀರಲ್ಲ!”

ಅದೇ ತೊಡಕು. ವಿಚಾರಿಸಿಕೊಂಡು ಬಂದದ್ದು ನಿಜ, ಅವರಿಬ್ಬರೂ ಅಲ್ಲಿದ್ದದ್ದೂ ನಿಜ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಚನ್ನವೀರಪ್ಪನವರು ವಾರದಿಂದ ಇದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಈಗಂತೂ ಆ ಗೋಡೆಗೆ ಬೀಗವೂ ಬಿದ್ದಿತ್ತು.

ಅವರು ಎದ್ದು ಕಿಟಕಿಯ ಬಳಿಗೆ ಹೋದರು. “ಮರೆವ್ವ, ನಿನ್ನ ಗಂಡನ ಚಪ್ಪಲಿ ಯಾವಾಗ ಕಳೀತಮ್ಮ? ಅವನು ಲಾಕಪ್ಪಿನಲ್ಲಿ ನಂಗೆ ಹೇಳಿದ್ದಾನೆ. ನಿನ್ನ ಬಾಯಿಂದ ಇವರೂ ಕೇಳಲಿ.”

ಮರೆವ್ವ ಸರಳಿಗೆ ಮುಖ ತಂದಳು. “ನೀಲಪ್ಪಣ್ಣನ ಹೆಣ ಸಿಗೂ ಹಿಂದಿನ ದಿನ ಮಧ್ಯಾನ್ರೀ. ಶೆಡ್ಡಿಗೆ ಒಂದ್ ನಳ ಹಾಕಿಸಿ ಕೊಡ್ರೀ ಅಂತ ಕೇಳಾಕ ಇದೇ ಆಫೀಸಿಗೆ ಬಂದಿದ್ದ. ಚಪ್ಲಿ ಹೊರಗ ಬಿಟ್ಟು ಒಳಗ ಹೋದ. ಹೊಳ್ಳಿ ಬಂದ್ ನೋಡಿದ್ರ ಚಪ್ಲಿ ಇಲ್ಲ. ಬರಿಗಾಲಾಗ ಸುಡೋ ಬಿಸಿಲಾಗ ನಡಕೊಂತ ಬಂದ. ಅಂಗಾಲಿಗೆ ನಾನೇ ಎಣ್ಣಿ ಹಚ್ಚೀನ್ರೀ.”

“ಸುಳ್ಳು!” ಎಂದ ಸೊಣ್ಣಪ್ಪ. “ನಾವಿಬ್ರೂ ಆನೇಕಲ್‌ಗೆ ಓಗಿದ್ವಿ, ಕಾರ್ಯದರ್ಶಿ ರಜಾ. ಆಪೀಸ್ನಾಗೆ ಯಾರೂ ಇರ್ಲೇ ಇಲ್ಲ.”

“ಯಾರೂ ಇರಲಿಲ್ಲಂದ್ರ, ‘ಮೊದಲ ರಸ್ತೆ ಆಗ್ಲಿ, ನೀರಿಂದು ಆಮ್ಯಾಲ ನೋಡೋಣು’ ಅಂತ ಅವಗ ಹೇಳಿ ಕಳಿಸಿದ್ ಯಾರ್ರೀ?”

 ಲಾಕಪ್ಪಿನಲ್ಲಿ ಮಲಕಪ್ಪ ಈ ಮಾತು ಹೇಳಿರಲಿಲ್ಲ. ಹೇಳುವುದಕ್ಕೆ ಮೊದಲೇ ಪೇದೆ ಬಂದು ‘ಟೈಮಾಯ್ತು ಸಾರ್’ ಎಂದಿದ್ದ.

“ಯಾರು ಹೇಳಿದ್ದು ಅಂದ ನಿನ್ನ ಗಂಡ?”

“ನಮಗೇನ್ ಈ ಊರಾಗಿನವರ ಹೆಸರು ಗೊತ್ತಾಗ್ತಾವ್ರೀ? ಆಫೀಸಿನವ್ರು ಅಂದ, ಅಷ್ಟ.”

ಆಗ ಹೊರಗೆ ದಡ್ ಎಂದು ಏನೋ ಬಿತ್ತು. ಪಿಳ್ಳಮ್ಮನ ಕೈಯಿಂದ ಕೊಡ ಜಾರಿತ್ತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ನಾನೇ ಕಣವ್ವ ಮರೆವ್ವ… ಆ ಮೆಟ್ಟು ಮಡಗಿದ್ದು ನಾನೇ.”

ಬಡಿಯುತ್ತಿದ್ದ ಕೊನೆಯ ಕೊಡವೂ ನಿಂತಿತು.

“ಎಣ ನೋಡಿ ಎದೆ ಒಡ್ಕೊಂಡು ಕೂತಿದ್ದೆ. ‘ಆ ರಾಯಚೂರಿನೋನೇ ನಿನ್ ಗಂಡನ್ನ ಒಡ್ದು ಆಕಿರೋದು, ನಾವು ಕಣ್ಣಾರೆ ಕಂಡಿದ್ದೀವಿ. ಸಾಕ್ಸಿ ಇಲ್ದಿದ್ರೆ ಪೋಲೀಸ್ನೋರು ಬುಟ್ಬುಡ್ತಾರೆ’ ಅಂತ ಚೀಲ್ದಾಗೆ ಆಕಿ ಕೊಟ್ರು. ನಂಬ್ಬುಟ್ಟೆ. ಸೆರಗ್ನಾಗೆ ಮುಚ್ಕೊಂಡೋಗಿ ಮಡಗ್ಬುಟ್ಟೆ. ಕಲ್ಲು ಯಾವಾಗ ಇಟ್ನೋ ನಂಗೇ ಗೊತ್ತಿಲ್ಲ. ಆಮ್ಯಾಕೆ ತಿಥಿ ದಿನ ನನ್ ಮನೇಲಿ ತೊಟ್ಟು ನೀರಿಲ್ಲ ಅಂತ ನೀನು ಮೂರ್ ಮೈಲಿಯಿಂದ ಒತ್ಕೊಂಡ್ ಬಂದು ಉಯ್ದಲ್ಲ, ಅವತ್ತಿಂದ ನಿದ್ದೆ ಬಂದಿಲ್ಲ ಕಣವ್ವ. ಅದ್ಕೇ ಈ ಪತ್ತೇದಾರ್ ಸಾಯೇಬ್ರತ್ರ ಓಡೋಗಿದ್ದು.”

ಚನ್ನವೀರಪ್ಪನವರು ಇದನ್ನು ಎಣಿಸಿರಲಿಲ್ಲ. ತಮ್ಮನ್ನು ಕರೆಸಿದವಳೇ ಸುಳ್ಳು ಸಾಕ್ಷಿ ಇಟ್ಟವಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಮರುಕ. ಮಲಕಪ್ಪನನ್ನು ಬಿಡಿಸಲು ಈ ಒಂದು ಮಾತು ಸಾಕು. ಠಾಣೆಗೆ ಹೋಗಿ ಪಿಳ್ಳಮ್ಮ ಇಷ್ಟನ್ನೇ ಹೇಳಿದರೆ ಮುಗಿಯಿತು.

“ಪಿಳ್ಳಮ್ಮ, ಮೊದಲು ಬಾಗಿಲು ತೆಗಿ. ನಾವಿಬ್ಬರೂ ಈಗಲೇ ಠಾಣೆಗೆ ಹೋಗೋಣ. ಸಂಜೆ ಒಳಗೆ ಮಲಕಪ್ಪ ಹೊರಗೆ ಬರ್ತಾನೆ.”

ಪಿಳ್ಳಮ್ಮ ಸೊಂಟಕ್ಕೆ ಕೈ ಹಾಕಿ ಬೀಗದ ಕೈ ತೆಗೆದಳು.

ಅವಳ ಕೈಯಿಂದ ಅದನ್ನು ಮರೆವ್ವ ಕಸಿದುಕೊಂಡಳು. ಕೂಗಲಿಲ್ಲ, ಬೈಯಲಿಲ್ಲ. ಇಷ್ಟು ಹೊತ್ತು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವಳನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

“ಮರೆವ್ವ, ಬ್ಯಾಡಮ್ಮ, ಕೊಡಿಲ್ಲಿ…” ಚನ್ನವೀರಪ್ಪನವರು ಸರಳಿನೊಳಗಿಂದ ಕೈ ಚಾಚಿದರು.

“ಸಾಹೇಬ್ರ, ಎಲ್ಲಾರೂ ಹಿಂಗ ಹೇಳ್ತಾರ. ಮೊದಲ ಬಾಗಲಾ ತಗಿ, ಆಮ್ಯಾಲ ನಿನ್ ಗಂಡ. ಮೊದಲ ರಸ್ತೆ, ಆಮ್ಯಾಲ ನೀರು. ನಮ್ದು ಯಾವಾಗ್ಲೂ ಆಮ್ಯಾಲ ಏನ್ರೀ?” ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. “ಈ ಸಲ ನಮ್ದು ಮೊದಲ. ನನ್ ಗಂಡನ್ನ ಇಲ್ಲಿಗೆ ಕರಕೊಂಡ್ ಬಂದು ನಿಲ್ಲಸೂತನಕ ಒಳಗಿನವ್ರು ಒಳಗ ಇರ್ರಿ.”

ಕಚೇರಿಯ ಎದುರಿಗೆ ಊರಿನ ಹಳೆಯ ಬಾವಿ. ನೀರು ಬತ್ತಿ ಕೆಸರು, ಮುಳ್ಳುಕಂಟಿ ತುಂಬಿತ್ತು. ಮರೆವ್ವ ಕೈ ಬೀಸಿದಳು. ಬೀಗದ ಕೈ ಬಿಸಿಲಿಗೆ ಮಿಂಚಿ ಬಾವಿಯೊಳಕ್ಕೆ ಹೋಯಿತು. ಬಿದ್ದ ಸದ್ದೂ ಕೇಳಲಿಲ್ಲ.

ಶಿವರಾಜ ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕುಸಿದ. ಚನ್ನವೀರಪ್ಪನವರಿಗೆ ಆ ಹೊತ್ತಿಗೆ ನಿಜಕ್ಕೂ ಹೆದರಿಕೆಯಾಯಿತು. ಬೀಗದ ಹೆದರಿಕೆಯಲ್ಲ ಅದು. ಚೀಲದಲ್ಲಿ ಚಪ್ಪಲಿ ಹಾಕಿಕೊಟ್ಟವರು ಊರಿನವರು, ಕಚೇರಿಯವರು. ಈ ಕೋಣೆಯಲ್ಲಿ ತಮ್ಮೊಡನೆ ಯಾರು ಯಾರಿದ್ದಾರೆಂದು ಅವರು ಮತ್ತೊಮ್ಮೆ ನೆನೆದರು.

ಸರಳು ಬಿಗಿಯಾಗಿ ಹಿಡಿದು ಕೇಳಿದರು. “ಪಿಳ್ಳಮ್ಮ, ಬಾಗಿಲ ಚಿಂತೆ ಬಿಡು. ಚೀಲ ಕೊಟ್ಟೋರು ಯಾರು? ಹೆಸರು ಹೇಳು, ಅಷ್ಟು ಸಾಕು. ಇಷ್ಟು ಜನ ಕೇಳಿಸ್ಕೊಳ್ಳಲಿ.”

ಪಿಳ್ಳಮ್ಮ ಮುಖ ಎತ್ತಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಬಾಯಿ ತೆರೆದಳು.

“ಏಳ್ತೀನಿ ಸಾ. ಇನ್ನೇನ್ ಮುಚ್ಚಿಡ್ಲಿ? ಅವತ್ತು ನನ್ ಮನೆಗ್ ಬಂದು ಚೀಲ ಕೊಟ್ಟಿದ್ದು…”

ಚನ್ನವೀರಪ್ಪನವರ ಭುಜದ ಪಕ್ಕದಿಂದ ಒಂದು ಕೈ ಮುಂದೆ ಬಂತು. ಕಿಟಕಿಯ ಮರದ ಬಾಗಿಲನ್ನು ಹಿಡಿದು ರಪ್ಪನೆ ಮುಚ್ಚಿತು. ಅಗುಳಿ ಬಿತ್ತು. ಕೋಣೆ ಕತ್ತಲಾಯಿತು. ಹೊರಗಿನ ಗದ್ದಲ ದೂರದ ಸಂತೆಯ ಸದ್ದಿನಷ್ಟಾಯಿತು.

ಆ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು.

ಬೆಳಗಿನಿಂದ ತುಟಿ ಎರಡು ಮಾಡದೆ ಕೂತಿದ್ದ ಕಮಲಮ್ಮ ಅಗುಳಿಯನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಆಮೇಲೆ ನಿಧಾನವಾಗಿ ನಡೆದು ಮೇಜಿನ ಹಿಂದೆ ಹೋದಳು. ಸೊಣ್ಣಪ್ಪ ಅಧ್ಯಕ್ಷರ ಕುರ್ಚಿಯ ಬಳಿಯಿಂದ ದಡಬಡಿಸಿ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತ. ಬಾಗಿಲಿನ ಸಂದಿನಿಂದ ಬರುತ್ತಿದ್ದ ಒಂದೆಳೆ ಬೆಳಕಿನಲ್ಲಿ ಚನ್ನವೀರಪ್ಪನವರಿಗೆ ಅವನ ಮುಖ ಕಂಡಿತು. ಊರನ್ನೇ ಗದರಿಸುತ್ತಿದ್ದ ಆ ಗಂಡಸು ಹೆಂಡತಿಯನ್ನು ನೋಡಿ ನಡುಗುತ್ತಿದ್ದ.

ಕಮಲಮ್ಮ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

“ನೀವು ಸುಮ್ಕೆ ಇವ್ರನ್ನ ಇಡ್ಕಂಡು ಯಾಕ್ ಕೇಳ್ತೀರಾ ಸಾರ್? ಪಾಪ, ಇವ್ರಿಗೇನೂ ತಿಳೀದು,” ಎಂದಳು. ದನಿ ಮೆತ್ತಗಿತ್ತು, ಮನೆಗೆ ಬಂದವರಿಗೆ ಮಣೆ ಹಾಕುವಾಗಿನ ದನಿ. “ರಸ್ತೇನೇ ಮೊದ್ಲು ಅಂದೋಳು ನಾನು. ಬೋರು ಫೇಲು ಅಂದೋಳೂ ನಾನೇ. ನೀಲಪ್ಪಂಗೂ ಕೆರೆ ಮ್ಯಾಲೆ ಅದ್ನೇ ಏಳುದ್ದೆ. ಅವ್ನು ಕೇಳ್ಲಿಲ್ಲ. ನೀವು ಕೇಳ್ತೀರಾ?”